ಮೊಳಕೆಯ ಸಾಕ್ಷ್ಯ: ದಾವಣಗೆರೆ–ಹರಿಹರ ಸೀಮೆಯ ಮಣ್ಣಿನಲ್ಲಿ ಅಳಿಯದ ವಿಷಗಳ ಚರಿತ್ರೆ

೧. ಪೀಠಿಕೆ

ದೇವರ ಉತ್ಸವವಾಗಲಿ, ಮನೆಯ ಮದುವೆಯಾಗಲಿ, ಅಂಕುರಾರ್ಪಣದಿಂದ ಮೊದಲಾಗುವ ಪದ್ಧತಿಯು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ನಡೆದು ಬಂದಿರುವುದು. ಹುತ್ತದ ಮಣ್ಣನ್ನು ತಂದು ಪಾಲಿಕೆಗಳಲ್ಲಿ ತುಂಬಿ, ನವಧಾನ್ಯಗಳನ್ನು ಬಿತ್ತಿ, ಹಾಲುನೀರೆರೆದು ಕಾಯುವರು. ಕೆಲವು ದಿನಗಳಲ್ಲಿ ಮೊಳಕೆಗಳು ನೇರವಾಗಿಯೂ ಸೊಂಪಾಗಿಯೂ ಎದ್ದರೆ ಶುಭವೆಂದೂ, ಕಪ್ಪಾಗಿಯೋ ಸೊಟ್ಟಗಾಗಿಯೋ ಕುಗ್ಗಿದರೆ ಅಶುಭವೆಂದೂ ಹಿರಿಯರು ಎಣಿಸುತ್ತಿದ್ದರು. ಇದನ್ನು ಬರಿಯ ಶಕುನವೆಂದು ತಳ್ಳಿಬಿಡುವವರು ಉಂಟು. ಆದರೆ ಇದರೊಳಗೆ ಬೇಸಾಯದ ಜನರ ಒಂದು ಪರೀಕ್ಷೆಯೂ ಅಡಗಿರುವಂತೆ ತೋರುವುದು. ಹಿರಿಯರು ಎಷ್ಟು ಬೀಜ ಹುಟ್ಟಿತೆಂದು ಲೆಕ್ಕವಿಟ್ಟು ಸುಮ್ಮನಾಗುತ್ತಿರಲಿಲ್ಲ. ಹುಟ್ಟಿದ್ದು ಹೇಗೆ ಎದ್ದಿತೆಂಬುದನ್ನು ನೋಡುತ್ತಿದ್ದರು.

ಹುಟ್ಟುವುದು ಬೇರೆ, ಏಳುವುದು ಬೇರೆ. ಈ ಭೇದವೇ ಪ್ರಸ್ತುತ ಲೇಖನದ ತಿರುಳು. ಕಳೆದ ನೂರು ವರ್ಷಗಳಲ್ಲಿ ನಮ್ಮ ಹೊಲಗಳಿಗೂ ನದಿಗೂ ಹಲವು ರಾಸಾಯನಿಕ ವಸ್ತುಗಳು ಬಂದು ಸೇರಿದುವು. ಅವುಗಳಲ್ಲಿ ಕೆಲವು ಬಿಸಿಲಿಗೂ ಮಳೆಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಸುಲಭವಾಗಿ ಸೋಲುವಂಥವಲ್ಲ, ವರ್ಷಗಟ್ಟಲೆ ನಿಲ್ಲತಕ್ಕವು. ಇವನ್ನು ಇಲ್ಲಿ ‘ಅಳಿಯದ ವಿಷ’ಗಳೆಂದು ಕರೆಯುತ್ತೇವೆ. ಇವು ಬೀಜವನ್ನು ಅಲ್ಲಿಯೇ ಕೊಲ್ಲುವುದು ವಿರಳ. ಮೊಳಕೆಯನ್ನು ಹೊರಬರಗೊಟ್ಟು, ಬಳಿಕ ಅದರ ಬೇರನ್ನು ಹಿಡಿದು ನಿಲ್ಲಿಸುವುದೇ ಹೆಚ್ಚು. ಆದಕಾರಣ ಹುಟ್ಟಿದ ಬೀಜಗಳನ್ನು ಎಣಿಸಿದವನಿಗೆ ಕೇಡು ಕಾಣುವುದಿಲ್ಲ. ಎರಡು ವಾರಗಳ ತರುವಾಯ ಹೊಲಕ್ಕೆ ಹೋದ ರೈತನಿಗೆ ಮಾತ್ರ ಕಾಣುವುದು.

ಶಾಸನ, ದೇವಾಲಯ, ಕವಿಚರಿತೆಗಳಿಗೆ ಮೀಸಲಾದ ಪುಟಗಳಲ್ಲಿ ಇಂತಹ ವಿಷಯಕ್ಕೆ ಎಡೆಯುಂಟೇ ಎಂದು ವಾಚಕರು ಕೇಳಬಹುದು. ಕೆರೆ ಕಟ್ಟಿಸಿದವರ ಶಾಸನವು ಚರಿತ್ರೆಯಾಗುವುದಾದರೆ, ಆ ಕೆರೆಯ ಕೆಳಗಿನ ಗದ್ದೆಯ ಮಣ್ಣು ಅನುಭವಿಸಿದ್ದೂ ಚರಿತ್ರೆಯೇ ಆಗತಕ್ಕದ್ದು. ಮಳೆಯ ಲೆಕ್ಕವನ್ನು ಸರಕಾರವು ಬರೆದಿಟ್ಟಿದೆ. ಬೆಳೆಯ ಲೆಕ್ಕವನ್ನೂ ಬರೆದಿಟ್ಟಿದೆ. ಎದ್ದುಬಾರದೆ ಹೋದ ಪೈರಿನ ಲೆಕ್ಕಕ್ಕೆ ಮಾತ್ರ ಯಾವ ದಫ್ತರದಲ್ಲಿಯೂ ಒಂದು ಅಂಕಣವಿಲ್ಲ.

೨. ಬೀಜವು ಎಚ್ಚರಗೊಳ್ಳುವ ಬಗೆ

ಮೊದಲು ಬೀಜದ ಧರ್ಮವನ್ನು ತಿಳಿಯಬೇಕು. ಒಣಗಿದ ಬೀಜವು ನೀರನ್ನು ಹೀರಿ ಊದಿಕೊಳ್ಳುವುದು ಮೊದಲನೆಯ ಹೆಜ್ಜೆ. ನೀರು ಒಳಸೇರಿದ ಮೇಲೆ, ಭತ್ತ ಜೋಳ ಮೊದಲಾದ ಧಾನ್ಯಗಳ ಭ್ರೂಣದಿಂದ ಗಿಬ್ಬರೆಲಿನ್ ಎಂಬ ಚೋದಕರಸವು ಹೊರಟು, ಹಿಟ್ಟನ್ನು ಸುತ್ತುವರಿದಿರುವ ತೆಳುವಾದ ಪದರವನ್ನು ಎಚ್ಚರಿಸುವುದು. ಆ ಪದರವು ಅಮೈಲೇಸ್ ಎಂಬ ಕಿಣ್ವವನ್ನು ಸ್ರವಿಸಿ, ಹಿಟ್ಟನ್ನು ಸಕ್ಕರೆಯಾಗಿ ಮಾರ್ಪಡಿಸುವುದು. ಈ ಸಕ್ಕರೆಯನ್ನುಂಡು ಮೊದಲು ಬೇರಿನ ಮೊನೆಯೂ ಅನಂತರ ಸುಳಿಯೂ ಹೊರಬರುವುವು. ಬೀಜದ ಸಿಪ್ಪೆಯು ಭ್ರೂಣಕ್ಕೆ ಕವಚವಾಗಿದ್ದು, ಹೊರಗಿನ ಅನೇಕ ದ್ರವ್ಯಗಳನ್ನು ತಡೆಯಬಲ್ಲದು. ಬುತ್ತಿಯು ತಾಯಿಗಿಡವು ಕಟ್ಟಿಕೊಟ್ಟದ್ದು; ಹೊರಗಿನ ಮಣ್ಣಿನ ಹಂಗು ಆಗ ಬಹಳವಿಲ್ಲ. ಬೇರು ಸಿಪ್ಪೆಯನ್ನು ಸೀಳಿ ಹೊರಬಂದ ಗಳಿಗೆಯಿಂದ ಮಣ್ಣಿನ ಸಂಗಡ ನೇರವಾದ ವ್ಯವಹಾರವು ಮೊದಲಾಗುವುದು. ಬುತ್ತಿಯು ಮುಗಿಯುವುದರೊಳಗೆ ಬೇರು ನೆಲವನ್ನು ಹಿಡಿಯಬೇಕು, ಎಲೆ ಬಿಸಿಲನ್ನು ಹಿಡಿಯಬೇಕು. ಈ ಎಂಟು ಹತ್ತು ದಿನಗಳೇ ಪೈರಿನ ಬಾಳಿನಲ್ಲಿ ಬಹು ಅಪಾಯದ ಕಾಲ.

ವಿಷಗಳು ಈ ಹೆಜ್ಜೆಗಳಲ್ಲಿ ಒಂದೊಂದನ್ನು ಒಂದೊಂದು ಬಗೆಯಲ್ಲಿ ಕೆಡಿಸುವುವು. ಉಪ್ಪು ಹೆಚ್ಚಿದ ನೀರು ಬೀಜದೊಳಗೆ ಇಳಿಯಲು ಹಿಂಜರಿಯುವುದರಿಂದ ಮೊಳಕೆಯೇ ತಡವಾಗುವುದು. ತಾಮ್ರ, ಪಾದರಸ ಮೊದಲಾದ ಲೋಹಗಳು ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ನಿಲ್ಲಿಸುವುವು. ಕ್ಲೋರಿನ್ ಸೇರಿದ ಫೀನಾಲುಗಳು ಜೀವಕೋಶದ ಉಸಿರಾಟದಲ್ಲಿ ಹುಟ್ಟುವ ಶಕ್ತಿಯನ್ನು ವ್ಯರ್ಥವಾಗಿ ಸೋರಿಸಿಬಿಡುವುವು. ಬೇರಿನ ಮೊನೆಯಲ್ಲಿ ಕೋಶವು ಒಡೆದು ಎರಡಾಗುವ ಕಾರ್ಯವನ್ನು ಕೆಲವು ಕ್ರಿಮಿನಾಶಕಗಳು ನಡುವಿನಲ್ಲಿಯೇ ತಡೆಯುವುದರಿಂದ, ಬೇರು ನೀಳವಾಗುವುದನ್ನು ಬಿಟ್ಟು ಗಂಟಿನಂತೆ ದಪ್ಪವಾಗುವುದು. ೧೯೩೮ರಲ್ಲಿ ಸ್ವೀಡನ್ ದೇಶದ ಆಲ್ಬರ್ಟ್ ಲೆವಾನ್ ಎಂಬ ವಿದ್ವಾಂಸನು ಈರುಳ್ಳಿಯ ಬೇರುಗಳನ್ನು ದ್ರಾವಣಗಳಲ್ಲಿ ಇಳಿಬಿಟ್ಟು ಇಂತಹ ಕೇಡನ್ನು ಕಾಣುವ ಮಾರ್ಗವನ್ನು ತೋರಿಸಿದನು. ಅದು ಇಂದಿಗೂ ವಿದ್ಯಾಲಯಗಳಲ್ಲಿ ಬಳಕೆಯಲ್ಲಿರುವುದು.

ಬೀಜಪರೀಕ್ಷೆಯ ಶಾಸ್ತ್ರವು ಬೆಳೆದದ್ದು ಇನ್ನೊಂದು ದಾರಿಯಲ್ಲಿ. ೧೮೬೯ರಲ್ಲಿ ಜರ್ಮನಿಯ ಥಾರಾಂಟ್ ಎಂಬ ಊರಿನಲ್ಲಿ ಫ್ರೆಡ್ರಿಕ್ ನೊಬ್ಬೆ ಎಂಬಾತನು ಲೋಕದ ಮೊದಲನೆಯ ಬೀಜಪರೀಕ್ಷಾಲಯವನ್ನು ಸ್ಥಾಪಿಸಿದನು. ವ್ಯಾಪಾರಿಗಳು ಜೊಳ್ಳು ಬೀಜವನ್ನು ಬೆರೆಸಿ ಮಾರುವುದನ್ನು ತಡೆಯುವುದು ಅವನ ಉದ್ದೇಶವಾಗಿದ್ದಿತು. ನಮ್ಮ ದೇಶದಲ್ಲಿ ೧೯೬೬ರ ಬೀಜ ಕಾಯಿದೆಯು ಅದೇ ಉದ್ದೇಶದಿಂದ ಹುಟ್ಟಿತು. ಪ್ರಮಾಣಿತ ಬೀಜದಲ್ಲಿ ಭತ್ತವಾದರೆ ನೂರಕ್ಕೆ ೮೦, ಜೋಳವಾದರೆ ೭೫, ಮೆಕ್ಕೆಜೋಳದ ಸಂಕರ ಬೀಜವಾದರೆ ೯೦ ಮೊಳೆಯಬೇಕೆಂಬುದು ನಿಯಮ. ಈ ಪರೀಕ್ಷೆಯು ನಡೆಯುವುದು ಶುದ್ಧವಾದ ಕಾಗದದ ಮೇಲೆ, ಅಥವಾ ತೊಳೆದ ಮರಳಿನಲ್ಲಿ, ಶುದ್ಧವಾದ ನೀರಿನಲ್ಲಿ. ಬೀಜದ ಯೋಗ್ಯತೆಯನ್ನು ಅಳೆಯುವುದಕ್ಕೆ ಇದೇ ತಕ್ಕ ಕ್ರಮ. ಆದರೆ ಚೀಲದ ಮೇಲಿನ ಆ ಅಂಕೆಯು ಬೀಜದ ಮಾತನ್ನು ಹೇಳುವುದೇ ಹೊರತು, ಅದು ಬೀಳಲಿರುವ ನೆಲದ ಮಾತನ್ನು ಹೇಳುವುದಿಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ; ಕೊನೆಯಲ್ಲಿ ಇದೇ ಮಾತಿಗೆ ಮರಳಿ ಬರಬೇಕಾಗುವುದು.

೩. ತಾಮ್ರವೂ ಪಾದರಸವೂ

ಬಿತ್ತುವ ಮೊದಲು ಬೀಜಕ್ಕೆ ಸಂಸ್ಕಾರ ಮಾಡುವುದು ಕನ್ನಡಿಗರಿಗೆ ಹೊಸದಲ್ಲ. ೧೦೨೫ರ ಸುಮಾರಿಗೆ ಚಾಲುಕ್ಯರ ಕಾಲದಲ್ಲಿ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿರುವುದು. ಆ ಸಂಪ್ರದಾಯದ ದ್ರವ್ಯಗಳು ಹಾಲು, ತುಪ್ಪ, ಸಗಣಿ, ಗಿಡಮೂಲಿಕೆ ಮೊದಲಾದುವು. ಫಲವು ಹೆಚ್ಚಾಗಲಿ ಕಡಿಮೆಯಾಗಲಿ, ಅವೆಲ್ಲವೂ ಮಣ್ಣಿಗೆ ಬಿದ್ದ ಕೆಲವು ವಾರಗಳಲ್ಲಿ ಮಣ್ಣೇ ಆಗತಕ್ಕವು.

ಅಳಿಯದ ದ್ರವ್ಯವು ನಮ್ಮ ಕಡೆಯ ಬೇಸಾಯಕ್ಕೆ ಕ್ರಮವಾಗಿ ಪ್ರವೇಶಿಸಿದ್ದು ತಾಮ್ರದ ರೂಪದಲ್ಲಿ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರು, ಮಲೆನಾಡಿನ ಅಡಕೆಯ ತೋಟಗಳನ್ನು ಹಾಳುಮಾಡುತ್ತಿದ್ದ ಕೊಳೆರೋಗವನ್ನು ಪರಿಶೀಲಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದರಿಂದ ಸಾವಿರಾರು ಕುಟುಂಬಗಳು ಉಳಿದುವು. ಈ ಉಪಕಾರವನ್ನು ಮರೆಯಲಾಗದು. ಆದರೆ ತಾಮ್ರವು ಮೂಲಧಾತು. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮರದಿಂದ ತೊಳೆದುಬಂದ ತಾಮ್ರವು ಮೇಲ್ಮಣ್ಣಿನ ಕೊಳೆತ ಎಲೆಗೆ ಅಂಟಿ ಅಲ್ಲಿಯೇ ನಿಲ್ಲುವುದು. ಬೋರ್ಡೊ ದ್ರಾವಣದ ತವರಾದ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹೀಗೆ ಒಂದು ಶತಮಾನದಿಂದ ತಾಮ್ರವು ಕೂಡುತ್ತ ಬಂದಿರುವುದನ್ನು ಅಲ್ಲಿನವರು ಅಳೆದು ತಿಳಿದಿದ್ದಾರೆ. ಆಳಕ್ಕೆ ಬೇರಿಳಿದ ಹಳೆಯ ಮರಕ್ಕೆ ಇದರಿಂದ ತೊಂದರೆ ಕಡಿಮೆ. ಮೇಲ್ಮಣ್ಣಿನಲ್ಲಿಯೇ ಬಾಳನ್ನು ಮೊದಲುಮಾಡುವ ಎಳೆಯ ಸಸಿಯ ಬೇರಿಗೆ ಇದರ ಬಾಧೆ ಹೆಚ್ಚು. ಚನ್ನಗಿರಿಯ ಸುತ್ತಿನ ತೋಟಗಾರರು ಹೊಸದಾಗಿ ಸಸಿ ನೆಡುವಾಗ ಈ ಮಾತು ಅವರ ಗಮನಕ್ಕೆ ಬರಬೇಕು.

ಪಾದರಸದ ಕಥೆಯು ಇನ್ನೂ ವಿಚಿತ್ರವಾದದ್ದು. ಏಕೆಂದರೆ ಅದನ್ನು ಮೊಳಕೆಯ ರಕ್ಷಣೆಗಾಗಿಯೇ ಬೀಜಕ್ಕೆ ಲೇಪಿಸುತ್ತಿದ್ದರು. ೧೯೧೫ರಲ್ಲಿ ಜರ್ಮನಿಯಲ್ಲಿ ಪಾದರಸ ಬೆರೆತ ಬೀಜೌಷಧಿಯು ಮಾರುಕಟ್ಟೆಗೆ ಬಂದಿತು. ಮುಂದೆ ‘ಅಗ್ರೋಸಾನ್’, ‘ಸೆರೆಸಾನ್’ ಎಂಬ ಹೆಸರುಗಳಿಂದ ಇಂತಹ ಪುಡಿಗಳು ನಮ್ಮ ಹಳ್ಳಿಗಳವರೆಗೂ ತಲಪಿದುವು. ಮಿತವಾಗಿ ಬಳಸಿದಲ್ಲಿ ಬೀಜಕ್ಕೆ ಅಂಟಿದ ಬೂಷ್ಟನ್ನು ಕೊಂದು ಮೊಳಕೆಯನ್ನು ಕಾಯುತ್ತಿದ್ದುವು. ಮಿತಿಮೀರಿದಲ್ಲಿ, ಅಥವಾ ಲೇಪಿಸಿದ ಬೀಜವನ್ನು ತೇವದಲ್ಲಿ ಕೂಡಿಟ್ಟಲ್ಲಿ, ಸುಳಿಯು ಊದಿಕೊಂಡು ಮೊಂಡಾಗಿ, ಬೇರು ಗಿಡ್ಡಾಗಿ, ಪೈರು ಮಣ್ಣನ್ನು ಭೇದಿಸಲಾರದೆ ಹೋಗುತ್ತಿದ್ದಿತು. ಕಾಯುವ ಕೈಯೇ ಕುತ್ತಿಗೆ ಹಿಸುಕಿದಂತಾಯಿತು. ೧೯೭೧–೭೨ರಲ್ಲಿ ಇರಾಕ್ ದೇಶದಲ್ಲಿ ಬಿತ್ತನೆಗೆಂದು ಪಾದರಸ ಲೇಪಿಸಿದ್ದ ಗೋಧಿಯನ್ನು ತಿಳಿಯದೆ ರೊಟ್ಟಿ ಮಾಡಿ ತಿಂದವರಲ್ಲಿ ೬,೫೩೦ ಮಂದಿ ಆಸ್ಪತ್ರೆ ಸೇರಿದರು. ಆಸ್ಪತ್ರೆಗಳಲ್ಲಿ ದಾಖಲಾದ ಮರಣಗಳೇ ೪೫೯. ಆ ದುರಂತದ ಬಳಿಕ ಲೋಕವು ಈ ಲೇಪವನ್ನು ಸಂಶಯದಿಂದ ನೋಡಲಾರಂಭಿಸಿತು.

೪. ಭದ್ರೆಯ ಕಾಲುವೆಯೂ ಬಿಳಿಯ ಪುಡಿಯೂ

ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಕಟ್ಟಿದ ಅಣೆಯ ಕೆಲಸವು ೧೯೬೦ರ ದಶಕದಲ್ಲಿ ಪೂರ್ಣಗೊಂಡಿತು. ಕಾಲುವೆಯು ದಾವಣಗೆರೆ, ಹರಿಹರಗಳ ಕಡೆಗೆ ಹರಿದು ಬರಲು, ಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತಿದ್ದ ಎರೆಯ ಭೂಮಿಯ ಬಹುಭಾಗವು ಭತ್ತದ ಗದ್ದೆಯಾಯಿತು. ವರ್ಷಕ್ಕೊಂದು ಬೆಳೆ ಕಾಣುತ್ತಿದ್ದವರು ಎರಡು ಬೆಳೆ ಕಂಡರು. ಅದೇ ದಶಕದಲ್ಲಿ ಗಿಡ್ಡ ತಳಿಯ ಭತ್ತವೂ ಬಂದಿತು, ರಸಗೊಬ್ಬರವೂ ಬಂದಿತು. ಅವುಗಳ ಬೆನ್ನಿಗೆ ಕೀಟಗಳೂ, ಕೀಟಗಳ ಬೆನ್ನಿಗೆ ಬಿಳಿಯ ಪುಡಿಯೂ ಬಂದುವು.

ಈ ಪುಡಿಗಳಲ್ಲಿ ಮೊದಲನೆಯದು ಡಿ.ಡಿ.ಟಿ. ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ೧೯೩೯ರಲ್ಲಿ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದು ೧೯೪೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ನಮ್ಮ ದೇಶದಲ್ಲಿ ೧೯೫೩ರಲ್ಲಿ ಮೊದಲಾದ ಮಲೇರಿಯಾ ನಿಯಂತ್ರಣದ ಕಾರ್ಯವು ಅದನ್ನು ಮನೆಮನೆಯ ಗೋಡೆಗೆ ತಂದಿತು. ಚಳಿಜ್ವರದಿಂದ ಬರಿದಾಗಿದ್ದ ಎಷ್ಟೋ ಮಲೆನಾಡಿನ ಊರುಗಳು ಮರಳಿ ಜನವಸತಿಯನ್ನು ಕಂಡುದಕ್ಕೆ ಅದೇ ಕಾರಣ. ಎರಡನೆಯದು ಗಮಾಕ್ಸಿನ್ ಎಂದು ರೈತರು ಕರೆಯುತ್ತಿದ್ದ ಬಿ.ಎಚ್.ಸಿ. ಬೆಲೆಯು ಅಗ್ಗ, ಎರಚುವುದು ಸುಲಭ. ಆದರೆ ಅದರಲ್ಲಿ ಕೀಟವನ್ನು ಕೊಲ್ಲುವ ಗಾಮಾ ಅಂಶವು ನೂರಕ್ಕೆ ಹದಿನೈದರ ಒಳಗೆ. ಉಳಿದುದೆಲ್ಲವೂ ಕೆಲಸಕ್ಕೆ ಬಾರದೆ ನೆಲಕ್ಕೆ ಸೇರುವ ಹೊರೆ. ಅದರಲ್ಲಿ ಬೀಟಾ ಎಂಬ ಅಂಶವು ಎಲ್ಲಕ್ಕಿಂತ ಹಟಮಾರಿ. ಮಣ್ಣಿನಲ್ಲಿ ಬಿ.ಎಚ್.ಸಿ. ಹೆಚ್ಚಾದಾಗ ಎಳೆಯ ಬೇರಿನ ಮೊನೆಗಳು ಊದಿ, ಕೋಶವಿಭಜನೆಯು ಅಡ್ಡದಾರಿ ಹಿಡಿಯುವುದನ್ನು ೧೯೪೦ರ ದಶಕದಲ್ಲಿಯೇ ವಿಜ್ಞಾನಿಗಳು ಕಂಡಿದ್ದರು. ಡಿ.ಡಿ.ಟಿ.ಯ ಅರ್ಧಭಾಗವು ಮಣ್ಣಿನಿಂದ ತೊಲಗುವುದಕ್ಕೆ ಎರಡು ವರ್ಷಗಳಿಂದ ಹದಿನೈದು ವರ್ಷಗಳವರೆಗೂ ಹಿಡಿಯುವುದುಂಟು.

ಇಲ್ಲಿ ನಮ್ಮ ಸೀಮೆಗೆ ಸಂಬಂಧಪಟ್ಟ ಒಂದು ಸೂಕ್ಷ್ಮವಿದೆ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲದೆ ಬಾಳುವ ಸೂಕ್ಷ್ಮಜೀವಿಗಳು ಬಿ.ಎಚ್.ಸಿ.ಯ ಗಾಮಾ ಅಂಶವನ್ನು ಒಣಭೂಮಿಗಿಂತ ಬೇಗನೆ ಒಡೆಯುವುವೆಂದು ಕಟಕದ ಭತ್ತದ ಸಂಶೋಧನಾಲಯದಲ್ಲಿ ನಡೆದ ಪ್ರಯೋಗಗಳು ತೋರಿಸಿಕೊಟ್ಟುವು. ಆದುದರಿಂದ ಕಾಲುವೆಯ ನೀರು ಕಂಡ ಗದ್ದೆಗಿಂತ, ಅದೇ ಪುಡಿಯನ್ನು ಕಂಡ ಕಾಲುವೆಯಾಚೆಯ ಒಣಹೊಲದಲ್ಲಿ ಅದು ಹೆಚ್ಚು ಕಾಲ ನಿಲ್ಲತಕ್ಕದ್ದು. ಹೊಲದ ಚರಿತ್ರೆಯನ್ನರಿಯದೆ ಎಲ್ಲ ಮಣ್ಣಿಗೂ ಒಂದೇ ಮಾತನ್ನು ಹೇಳುವುದು ಸಲ್ಲದು.

ಬೇಸಾಯದಲ್ಲಿ ಡಿ.ಡಿ.ಟಿ.ಯ ಬಳಕೆಯು ೧೯೮೯ರಲ್ಲಿಯೂ, ಬಿ.ಎಚ್.ಸಿ.ಯು ೧೯೯೭ರಲ್ಲಿಯೂ ನಿಷಿದ್ಧವಾದುವು. ಇಂತಹ ದ್ರವ್ಯಗಳನ್ನು ಲೋಕದಿಂದಲೇ ತೊಲಗಿಸುವ ಸ್ಟಾಕ್‌ಹೋಮ್ ಒಪ್ಪಂದವು ೨೦೦೧ರಲ್ಲಿ ಸಿದ್ಧವಾಗಿ ೨೦೦೪ರಲ್ಲಿ ಜಾರಿಗೆ ಬಂದಿತು. ಭಾರತವು ಅದನ್ನು ೨೦೦೬ರಲ್ಲಿ ಅಂಗೀಕರಿಸಿತು. ಕಾಸರಗೋಡಿನ ಗೇರುತೋಟಗಳ ಮೇಲೆ ವಿಮಾನದಿಂದ ಸುರಿದ ಎಂಡೋಸಲ್ಫಾನ್ ವಿಷದ ಬಾಧೆಯನ್ನು ಎಣ್ಮಕಜೆಯ ಪಡ್ರೆಯ ಕನ್ನಡಿಗರು ಅನುಭವಿಸಿ, ಶ್ರೀ ಪಡ್ರೆಯವರಂಥ ಪತ್ರಕರ್ತರು ಅದನ್ನು ಲೋಕಕ್ಕೆ ತಿಳಿಸಿ, ಕೊನೆಗೆ ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಾದ್ಯಂತ ತಡೆದದ್ದು ಎಲ್ಲರಿಗೂ ತಿಳಿದದ್ದೇ.

ಆದರೂ ಶಂಕೆಯನ್ನೇ ಸಿದ್ಧಾಂತವೆಂದು ಭಾವಿಸತಕ್ಕದ್ದಲ್ಲ. ೧೯೭೫ರ ಸುಮಾರಿನಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಕೀಲುಗಳು ಕುಂದುವ ಕಾಯಿಲೆಯು ಬೆಳಕಿಗೆ ಬಂದಾಗ, ಗದ್ದೆಗೆ ಸಿಂಪಡಿಸಿದ ವಿಷವನ್ನುಂಡ ಏಡಿಗಳನ್ನು ತಿಂದದ್ದೇ ಕಾರಣವೆಂದು ಅನೇಕರು ನಂಬಿದ್ದರು. ಮುಂದಿನ ಸಂಶೋಧನೆಯು ಅದು ವಂಶಾನುಗತವಾದ ಮೂಳೆಯ ದೋಷವೆಂದು ತೋರಿಸಿತು. ವಿಷದ ಮೇಲೆ ದೋಷವನ್ನು ಹೊರಿಸುವ ಮೊದಲು ಅಳೆಯಬೇಕು. ಅಳೆಯದೆ ಇರುವುದೂ ದೋಷವೇ.

೫. ತುಂಗಭದ್ರೆಯ ದಡದಲ್ಲಿ

ಇನ್ನು ಹೊಲದಿಂದ ಹೊಳೆಯ ಕಡೆಗೆ ಹೊರಳೋಣ. ದಾವಣಗೆರೆಯ ವಿದ್ಯಾನಗರದ ಕಡೆಯಿಂದ ಹರಿಹರದ ಸೇತುವೆಯು ಅರ್ಧ ತಾಸಿನ ಹಾದಿ. ಕೂಡಲಿಯಲ್ಲಿ ಒಂದಾದ ತುಂಗೆಯೂ ಭದ್ರೆಯೂ ಹೊನ್ನಾಳಿಯನ್ನು ದಾಟಿ ಇಲ್ಲಿಗೆ ಬರುವುವು. ಸೂಳೆಕೆರೆಯಿಂದ ಇಳಿದ ಹರಿದ್ರೆಯೂ ಇಲ್ಲಿಯೇ ಕೂಡುವುದು. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾದ ಪೊಲಾಳ್ವನು ೧೨೨೪ರಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದ ಪುಣ್ಯಸ್ಥಳವಿದು.

ಈ ನದಿಯ ಎದುರು ದಡದಲ್ಲಿ, ಅಂದಿನ ಧಾರವಾಡ ಜಿಲ್ಲೆಗೂ ಇಂದಿನ ಹಾವೇರಿ ಜಿಲ್ಲೆಗೂ ಸೇರಿದ ಕುಮಾರಪಟ್ಟಣದಲ್ಲಿ, ೧೯೭೨ರಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಮರವನ್ನು ಬೇಯಿಸಿ, ಕೃತಕ ರೇಷ್ಮೆಯ ನೂಲಿಗೆ ಬೇಕಾದ ತಿರುಳನ್ನು ತೆಗೆಯುವುದು ಅದರ ಕಾರ್ಯ. ಎರಡು ದಡಗಳ ಸಾವಿರಾರು ಕುಟುಂಬಗಳಿಗೆ ಅದು ಅನ್ನವನ್ನು ಕೊಟ್ಟಿತು. ನದಿಯ ನೀರಿನ ಬಣ್ಣ, ವಾಸನೆ, ಮೀನುಗಳ ಸಾವು ಇವುಗಳನ್ನು ಕುರಿತ ದೂರುಗಳೂ ದಡದ ಹಳ್ಳಿಗಳಿಂದ ಎದ್ದುವು. ೧೯೭೪ರ ಜಲಮಾಲಿನ್ಯ ಕಾಯಿದೆಯು ಆಗ ಎಳೆಯದು. ೧೯೮೪ರಲ್ಲಿ ಎಸ್. ಆರ್. ಹಿರೇಮಠ ಮತ್ತು ಅವರ ಸಂಗಡಿಗರ ಸಮಾಜ ಪರಿವರ್ತನ ಸಮುದಾಯವು ಈ ದೂರನ್ನು ಕೈಗೆತ್ತಿಕೊಂಡು ಹೋರಾಟವಾಗಿಸಿತು.

ಅದೇ ವರ್ಷದ ನವೆಂಬರಿನಲ್ಲಿ ಸರಕಾರವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸುವ ಒಪ್ಪಂದಕ್ಕೆ ಬಂದುವು. ಸುಮಾರು ೩೦,೦೦೦ ಹೆಕ್ಟೇರು ಗೋಮಾಳ ಮತ್ತು ಸಾಮಾನ್ಯ ಭೂಮಿಯಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಯುವುದು ಅದರ ಗುರಿ. ಡಾ. ಶಿವರಾಮ ಕಾರಂತರು ಮುಂದಾಳಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ೧೯೮೭ರ ನವೆಂಬರ್ ೧೪ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವು ನಡೆದು, ಜನರು ನೀಲಗಿರಿಯ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. ೧೯೯೧ರಲ್ಲಿ ಆ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು. ಈ ಭಾಗವು ನಾಡಿನ ಚರಿತ್ರೆಯಲ್ಲಿ ಚೆನ್ನಾಗಿ ದಾಖಲಾಗಿರುವುದು. ನಾವು ಕೇಳಬೇಕಾದ ಪ್ರಶ್ನೆಯು ಇನ್ನೊಂದು: ತಿರುಳಿನ ಕಾರ್ಖಾನೆಯ ಬಸಿನೀರು ಬೆಳೆಯ ಮೊಳಕೆಗೆ ಏನು ಮಾಡಬಲ್ಲದು?

ಮರದಲ್ಲಿ ನಾರನ್ನು ಹಿಡಿದಿಡುವ ಅಂಟು ಲಿಗ್ನಿನ್. ಕ್ಷಾರದಲ್ಲಿ ಬೇಯಿಸಿದಾಗ ಅದು ಕರಗಿ ಕಪ್ಪಾದ ದ್ರವವಾಗುವುದು. ನಾರಿನಲ್ಲಿ ಉಳಿದದ್ದನ್ನು ಕ್ಲೋರಿನ್ನಿನಿಂದ ಬಿಳುಪುಗೊಳಿಸಿ ತೆಗೆಯುವುದು ಆ ಕಾಲದಲ್ಲಿ ಲೋಕದಾದ್ಯಂತ ಇದ್ದ ಪದ್ಧತಿ. ಕಾಡಿನಲ್ಲಿ ಬಿದ್ದ ಮರದ ಲಿಗ್ನಿನ್ನನ್ನು ಅಣಬೆಗಳು ನಿಧಾನವಾಗಿಯಾದರೂ ತಿಂದು ತೀರಿಸುವುವು. ಕ್ಲೋರಿನ್ ಅಂಟಿದ ಲಿಗ್ನಿನ್ ಮಾತ್ರ ಸುಲಭವಾಗಿ ಅರಗದು; ಅದರ ತುಣುಕುಗಳಾದ ಕ್ಲೋರೋಫೀನಾಲುಗಳು ಬೇರಿನ ಉಸಿರಿಗೆ ವಿಷ. ಕ್ಲೋರಿನ್ನಿನ ಬಿಳುಪಿನಿಂದ ಡಯಾಕ್ಸಿನ್ ಎಂಬ ಮಹಾವಿಷವೂ ಅಲ್ಪ ಪ್ರಮಾಣದಲ್ಲಿ ಹುಟ್ಟುವುದೆಂದು ೧೯೮೦ರ ದಶಕದಲ್ಲಿ ತಿಳಿದುಬಂದ ಮೇಲೆ, ಅನೇಕ ದೇಶಗಳ ಕಾರ್ಖಾನೆಗಳು ಬೇರೆ ವಿಧಾನಗಳಿಗೆ ತಿರುಗಿದುವು.

ಇದರ ಸಂಗಡ ಬರುವ ಸೋಡಿಯಂ ಲವಣದ ಕಥೆಯು ಎರೆಯ ಭೂಮಿಗೆ ವಿಶೇಷವಾಗಿ ಅನ್ವಯಿಸುವುದು. ಎರೆಮಣ್ಣಿನ ಜೇಡಿಯ ಕಣಗಳನ್ನು ಸುಣ್ಣದ ಅಂಶವು ಗುಂಪುಗುಂಪಾಗಿ ಹಿಡಿದಿರುವುದರಿಂದ ಮಣ್ಣು ಪುಡಿಪುಡಿಯಾಗಿರುವುದು. ಸೋಡಿಯಂ ಅದರ ಸ್ಥಾನವನ್ನು ಆಕ್ರಮಿಸಿದರೆ ಕಣಗಳು ಚೆದರಿ, ಮಳೆ ಬಿದ್ದಾಗ ಜಿಗುಟಾಗಿ, ಒಣಗಿದಾಗ ಮೇಲೆ ಹೆಪ್ಪು ಕಟ್ಟುವುದು. ಆಗ ಬೀಜವು ಕೆಳಗೆ ಮೊಳೆತಿದ್ದರೂ ಸುಳಿಯು ಆ ಹೆಪ್ಪನ್ನು ಒಡೆಯಲಾರದೆ ಮಡಚಿಕೊಂಡು ಸಾಯುವುದು. ಕಾಗದದ ಮೇಲೆ ನೂರಕ್ಕೆ ತೊಂಬತ್ತು ಮೊಳೆತ ಬೀಜಕ್ಕೆ ಹೊಲದಲ್ಲಿ ಈ ಗತಿ.

ಕಾಗದ, ತಿರುಳು, ಸಾರಾಯಿ ಮೊದಲಾದ ಕಾರ್ಖಾನೆಗಳ ಬಸಿನೀರಿನಲ್ಲಿ ಬೀಜಗಳನ್ನು ಮೊಳೆಸಿ ನೋಡಿದ ಪರೀಕ್ಷೆಗಳು ನಮ್ಮ ದೇಶದಲ್ಲಿ ಹೇರಳವಾಗಿ ನಡೆದಿವೆ. ಅವುಗಳಿಂದ ಹೊರಡುವ ಸಾಮಾನ್ಯವಾದ ತೀರ್ಪು ಹೀಗಿದೆ: ಬೆರಕೆಯಿಲ್ಲದ ಬಸಿನೀರು ಮೊಳಕೆಯನ್ನು ತಡೆಯುವುದು, ಬಹಳ ನೀರು ಬೆರೆಸಿದಲ್ಲಿ ಅದರೊಳಗಿನ ಪೋಷಕಾಂಶಗಳಿಂದ ಪೈರು ಮೊದಮೊದಲು ಸೊಂಪಾಗಿಯೇ ಬೆಳೆಯುವುದುಂಟು, ಕೇಡು ಮೊದಲು ತೋರುವುದು ಮೊಳೆತ ಬೀಜಗಳ ಸಂಖ್ಯೆಯಲ್ಲಲ್ಲ, ಬೇರಿನ ನೀಳದಲ್ಲಿ. ಈ ಎರಡನೆಯ ಅಂಶವೇ ದಡದ ರೈತರನ್ನು ಇಬ್ಬಗೆಗೊಳಿಸತಕ್ಕದ್ದು. ಮೊದಲ ವರ್ಷಗಳಲ್ಲಿ ‘ಈ ನೀರು ಗೊಬ್ಬರವಿದ್ದಂತೆ’ ಎನ್ನುವವನೂ ಸುಳ್ಳು ಹೇಳುವುದಿಲ್ಲ. ಕೆಲವು ವರ್ಷಗಳ ಬಳಿಕ ‘ಹೊಲ ಸತ್ತಿತು’ ಎನ್ನುವವನೂ ಸುಳ್ಳು ಹೇಳುವುದಿಲ್ಲ. ಪೋಷಕಾಂಶವು ಆಯಾ ವರ್ಷವೇ ಬೆಳೆಗೆ ತೀರುವುದು. ಅಳಿಯದ ಅಂಶವು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವುದು. ನದಿಯ ವಿವಾದದಲ್ಲಿ ಸತ್ತ ಮೀನು ಎಲ್ಲರ ಕಣ್ಣಿಗೂ ಬಿದ್ದಿತು. ಗಿಡ್ಡಾದ ಬೇರನ್ನು ಕಾಣಬೇಕಾದರೆ ಮಣ್ಣನ್ನು ಅಗೆಯಬೇಕು.

೬. ಮೆಕ್ಕೆಜೋಳದ ಕಾಲ

ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯು ಈಗ ಮೆಕ್ಕೆಜೋಳದ ಸೀಮೆಯೆಂದು ಪ್ರಸಿದ್ಧವಾಗಿರುವುದು. ಈ ಬೆಳೆಯ ಸಂಗಡ ಬಂದ ಕಳೆನಾಶಕ ಅಟ್ರಾಜಿನ್. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯು ೧೯೫೦ರ ದಶಕದ ಕೊನೆಯಲ್ಲಿ ಇದನ್ನು ಸಿದ್ಧಪಡಿಸಿತು. ಬಿತ್ತಿದೊಡನೆ ಮಣ್ಣಿಗೆ ಸಿಂಪಡಿಸಿದರೆ ಕಳೆಗಳು ಸಾಯ್ದು ಮೆಕ್ಕೆಜೋಳವು ಉಳಿಯುವುದು. ಏಕೆಂದರೆ ಆ ಗಿಡಕ್ಕೆ ಈ ವಿಷವನ್ನು ತನ್ನೊಳಗೆ ನಿರ್ವೀರ್ಯಗೊಳಿಸುವ ಶಕ್ತಿಯುಂಟು. ಆಳಿನ ಕೂಲಿ ದುಬಾರಿಯಾದ ಕಾಲದಲ್ಲಿ ಇದು ರೈತನಿಗೆ ವರವಾಗಿ ತೋರಿತು.

ಡಿ.ಡಿ.ಟಿ.ಯಷ್ಟು ದೀರ್ಘಾಯುವಲ್ಲವಾದರೂ, ಅಟ್ರಾಜಿನ್ನಿನ ಅರ್ಧಭಾಗವು ತೊಲಗಲು ಸಾಮಾನ್ಯವಾಗಿ ಎರಡು ತಿಂಗಳಾದರೂ ಬೇಕು. ಕ್ಷಾರಗುಣವುಳ್ಳ ಒಣಮಣ್ಣಿನಲ್ಲಿ ಇನ್ನೂ ಬಹಳ ಹೆಚ್ಚು ಕಾಲ ನಿಲ್ಲುವುದುಂಟು. ನಮ್ಮ ಎರೆಯು ಬಹುಮಟ್ಟಿಗೆ ಅಂತಹುದೇ. ಮೆಕ್ಕೆಜೋಳದ ಬೆನ್ನಿಗೆ ಅದೇ ಹೊಲದಲ್ಲಿ ಸೂರ್ಯಕಾಂತಿಯನ್ನೋ, ದ್ವಿದಳ ಧಾನ್ಯವನ್ನೋ, ತರಕಾರಿಯನ್ನೋ ಬಿತ್ತಿದಾಗ ಉಳಿದ ವಿಷವು ಕೆಲಸ ಮಾಡುವುದು.

ಅದು ಕೆಲಸ ಮಾಡುವ ರೀತಿಯನ್ನು ನೋಡಿರಿ. ಅಟ್ರಾಜಿನ್ ಬೀಜವನ್ನು ಮುಟ್ಟುವುದಿಲ್ಲ, ಮೊಳಕೆಯನ್ನು ತಡೆಯುವುದಿಲ್ಲ. ಅದು ಹಸುರೆಲೆಯು ಬಿಸಿಲಿನಿಂದ ಆಹಾರವನ್ನು ತಯಾರಿಸುವ ಯಂತ್ರದ ಒಂದು ಕೊಂಡಿಯನ್ನು ಮಾತ್ರ ತಡೆಯುವುದು. ಬೀಜದ ಬುತ್ತಿಯು ಇರುವ ತನಕ ಸಸಿಯು ಚೆನ್ನಾಗಿಯೇ ಇರುವುದು. ಬುತ್ತಿ ಮುಗಿದು, ಸಸಿಯು ತನ್ನ ಅನ್ನವನ್ನು ತಾನೇ ಸಂಪಾದಿಸಬೇಕಾದ ದಿನ, ಎಲೆಯ ಅಂಚು ಹಳದಿಯಾಗಿ, ಒಣಗಿ, ಸಾಲು ಸಾಲೇ ಮಲಗುವುದು. ‘ಹುಟ್ಟಿತು ಸ್ವಾಮಿ, ಏಳಲಿಲ್ಲ’ ಎಂದು ಹಳ್ಳಿಯ ಹಿರಿಯರೊಬ್ಬರು ನಮ್ಮೊಡನೆ ಹೇಳಿದ ಮಾತಿಗಿಂತ ಖಚಿತವಾದ ವಿವರಣೆಯು ಯಾವ ಗ್ರಂಥದಲ್ಲಿಯೂ ದೊರೆಯದು. ಯುರೋಪಿನ ಒಕ್ಕೂಟವು ಅಂತರ್ಜಲದ ಮಾಲಿನ್ಯವನ್ನು ಕಂಡು ೨೦೦೪ರಲ್ಲಿ ಈ ದ್ರವ್ಯದ ಅನುಮತಿಯನ್ನು ಹಿಂತೆಗೆದುಕೊಂಡಿತು. ನಮ್ಮ ಕೇಂದ್ರ ಸರಕಾರವು ೨೦೨೦ರ ಮೇ ತಿಂಗಳಲ್ಲಿ ೨೭ ದ್ರವ್ಯಗಳನ್ನು ನಿಷೇಧಿಸುವ ಕರಡನ್ನು ಹೊರಡಿಸಿದಾಗ ಇದರ ಹೆಸರೂ ಅದರಲ್ಲಿದ್ದಿತು. ಆ ಪಟ್ಟಿಯಲ್ಲಿ ಕೊನೆಗೆ ನಿಷೇಧವಾದುವು ಕೆಲವೇ. ಅವುಗಳಲ್ಲಿ ಇದು ಸೇರಲಿಲ್ಲ.

೭. ಉಪಸಂಹಾರ

ಇಂತು ತಾಮ್ರದಿಂದ ಅಟ್ರಾಜಿನ್ನಿನವರೆಗೆ ಬಂದ ದ್ರವ್ಯಗಳಲ್ಲಿ ಒಂದೊಂದೂ ಒಂದು ಉಪಕಾರವನ್ನು ಕೈಯಲ್ಲಿ ಹಿಡಿದೇ ಬಂದಿತು. ಉಪಕಾರದ ಲೆಕ್ಕವು ಒಡನೆಯೇ ಬರೆಯಲ್ಪಟ್ಟಿತು; ಅಪಕಾರದ ಲೆಕ್ಕವು ಮಣ್ಣಿನಲ್ಲಿ ಹೂತುಹೋಯಿತು. ನಿಷೇಧದ ಆಜ್ಞೆಯು ಹೊರಟ ದಿನ ಅಂಗಡಿಯ ಮಾರಾಟವು ನಿಂತಿತೇ ಹೊರತು, ಹೊಲದ ಮಣ್ಣಿನಲ್ಲಿದ್ದುದು ಅಂದೇ ತೊಲಗಲಿಲ್ಲ.

ಈ ಲೆಕ್ಕದ ಅಭಾವದಿಂದ ನಷ್ಟಪಡುವವನು ಸಣ್ಣ ರೈತ. ಬಿತ್ತಿದ್ದು ಏಳದಿದ್ದರೆ ಅವನು ಮತ್ತೆ ಬೀಜವನ್ನು ಕೊಳ್ಳಬೇಕು, ಮತ್ತೆ ಹದವನ್ನು ಕಾಯಬೇಕು. ಮಳೆಯು ಅವನಿಗಾಗಿ ಕಾಯುವುದಿಲ್ಲ. ಕಳಪೆ ಬೀಜದಿಂದ ನಷ್ಟವಾದ ರೈತನು ಗ್ರಾಹಕರ ನ್ಯಾಯಾಲಯದಲ್ಲಿ ಪರಿಹಾರವನ್ನು ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿ ತೀರ್ಪಿತ್ತಿರುವುದು ಸಂತೋಷದ ಸಂಗತಿ. ಆದರೆ ಅಲ್ಲಿ ವಿಚಾರಣೆಯಾಗುವುದು ಬೀಜ. ಕಾಗದದ ಮೇಲೆ ಬೀಜವು ನೂರಕ್ಕೆ ತೊಂಬತ್ತು ಮೊಳೆತರೆ, ಬೀಜದವನು ನಿರ್ದೋಷಿ. ಮಣ್ಣಿನ ವಿಷಯವನ್ನು ಕೇಳುವವರಿಲ್ಲದೆ ರೈತನು ಬರಿಗೈಯಲ್ಲಿ ಮರಳುವನು. ತನ್ನ ಹೊಲದಲ್ಲಿ ತಾನು ಎಂದೂ ಸುರಿಯದ ವಿಷಕ್ಕೂ, ಅಜ್ಜನ ಕಾಲದಲ್ಲಿ ಇಲಾಖೆಯವರೇ ಹೇಳಿ ಹಾಕಿಸಿದ ಪುಡಿಗೂ ಅವನೇ ದಂಡ ತೆರುವನು.

ಇದಕ್ಕೆ ಮೊದಲ ಹೆಜ್ಜೆಯನ್ನು ಇಡುವುದಕ್ಕೆ ದೊಡ್ಡ ಪ್ರಯೋಗಶಾಲೆಯು ಬೇಕಾಗಿಲ್ಲ. ಬಿತ್ತನೆಗೆ ಮೂರು ವಾರ ಮೊದಲು, ಶಂಕೆಯಿರುವ ಹೊಲದ ಮಣ್ಣನ್ನು ನಾಲ್ಕಾರು ಕಡೆಯಿಂದ ತೆಗೆದು ಕುಂಡದಲ್ಲಿ ತುಂಬಬೇಕು. ಔಷಧಿಯ ಸೋಂಕಿಲ್ಲದ ಬದುವಿನ ಅಂತಹುದೇ ಮಣ್ಣನ್ನು ಇನ್ನೊಂದರಲ್ಲಿ ತುಂಬಬೇಕು. ಎರಡಕ್ಕೂ ಒಂದೇ ಚೀಲದ ಬೀಜವನ್ನು ಒಂದೇ ಸಂಖ್ಯೆಯಲ್ಲಿ ಬಿತ್ತಿ, ಒಂದೇ ನೀರೆರೆದು, ಬಿಸಿಲಿನಲ್ಲಿಟ್ಟು, ಎರಡು ವಾರಗಳಾದ ಮೇಲೆ ಸಸಿಗಳನ್ನು ಬೇರು ಸಮೇತವಾಗಿ ಬಿಡಿಸಿ ತೊಳೆದು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ಬೇರು ಗಿಡ್ಡಾಗಿದ್ದರೆ, ಮೊನೆ ಊದಿದ್ದರೆ, ಎಲೆಯಂಚು ಹಳದಿಯಾಗಿದ್ದರೆ, ಆ ಮಣ್ಣನ್ನು ಕೃಷಿ ವಿದ್ಯಾಲಯದವರಲ್ಲಿ ಪರೀಕ್ಷಿಸಿಕೊಳ್ಳಬೇಕು. ಯಾವ ವಿಷವೆಂಬುದನ್ನು ಈ ಪರೀಕ್ಷೆಯು ಹೇಳಲಾರದು. ಎಲ್ಲಿ ಹುಡುಕಬೇಕೆಂಬುದನ್ನು ಹೇಳಬಲ್ಲದು. ಪರಿಹಾರಗಳೂ ಉಂಟು: ಸೋಡಿಯಂ ಹಿಡಿದ ನೆಲಕ್ಕೆ ಜಿಪ್ಸಮ್, ಲೋಹಕ್ಕೂ ಕ್ರಿಮಿನಾಶಕಕ್ಕೂ ಯಥೇಚ್ಛವಾಗಿ ಕೊಳೆತ ಗೊಬ್ಬರ, ಅಟ್ರಾಜಿನ್ ಕಂಡ ಹೊಲಕ್ಕೆ ಮತ್ತೆ ಮೆಕ್ಕೆಜೋಳವನ್ನೋ ಜೋಳವನ್ನೋ ಬಿತ್ತುವ ತಾಳ್ಮೆ. ಯಾವುದೂ ಒಂದು ವರ್ಷದ ಕೆಲಸವಲ್ಲ.

ಈ ಕಾರ್ಯದಲ್ಲಿ ನಮ್ಮಂತಹ ಸಾಹಿತ್ಯಸಂಘಗಳಿಗೂ ಒಂದು ಪಾಲುಂಟು. ಹಳ್ಳಿಹಳ್ಳಿಗೆ ಹೋಗಿ ಶಾಸನಗಳ ಪಡಿಯಚ್ಚು ತೆಗೆದ ಹಿರಿಯರ ಶ್ರಮದಿಂದ ನಮಗೆ ನಾಡಿನ ಚರಿತ್ರೆಯು ದೊರಕಿತು. ಅದೇ ಶ್ರದ್ಧೆಯಿಂದ ಇಂದಿನವರು ಯಾವ ಹೊಲಕ್ಕೆ ಯಾವ ಕಾಲದಲ್ಲಿ ಯಾವ ಪುಡಿ ಬಿದ್ದಿತು, ಯಾವ ನೀರು ಹರಿಯಿತು, ಯಾವ ವರ್ಷ ಬಿತ್ತಿದ್ದು ಏಳಲಿಲ್ಲ ಎಂಬುದನ್ನು ವೃದ್ಧರ ಬಾಯಿಂದ ಕೇಳಿ ಬರೆದಿಡಬಹುದು. ಆ ವೃದ್ಧರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅಂಕುರಾರ್ಪಣಕ್ಕೆ ಹುತ್ತದ ಮಣ್ಣು ಇಂದಿಗೂ ಯೋಗ್ಯವಾಗಿಯೇ ಇರುವುದು. ನಮ್ಮ ಹೊಲದ ಮಣ್ಣೂ ಪಾಲಿಕೆಗೆ ಯೋಗ್ಯವೇ ಎಂಬುದನ್ನು ಪ್ರತಿಯೊಬ್ಬ ಬೇಸಾಯಗಾರನೂ ಈ ಮುಂಗಾರಿಗೆ ಮುನ್ನ ಒಮ್ಮೆ ಬಿತ್ತಿ ನೋಡಲಿ, ಕಂಡದ್ದನ್ನು ಬರೆದಿಡಲಿ ಎಂಬುದು ನಮ್ಮ ವಿನಂತಿ.